ಮೂರು ಆಕರಪಟ್ಟಿಗಳು, ಒಂದು ಊಟದ ಮೇಜು

ಜೂನ್ ೪, ಮಂಗಳವಾರ

ಪ್ರಬಂಧ ವಿಭಾಗದ ಸೂಪರಿಂಟೆಂಡೆಂಟರು ಎಲ್ಲರ ಪ್ರಬಂಧವನ್ನೂ ಹಿಂದಿನಿಂದ ಓದುತ್ತಾರೆ. ನನ್ನದನ್ನೂ ಹಾಗೇ ಮಗುಚಿ, ಕೊನೆಯ ಹಾಳೆಗಳನ್ನು ತಿರುವಿ, ಕನ್ನಡಕವನ್ನು ಹಣೆಗೇರಿಸಿದರು.

"ಏನಮ್ಮಾ ಇದು ಕಲಸುಮೇಲೋಗರ? ಮೊದಲನೇ ಭಾಗದಲ್ಲಿ ಆಕರಕ್ಕೆಲ್ಲ ನಂಬರ್ ಹಾಕಿದೀರಿ. ಎರಡನೇದರಲ್ಲಿ ಕೇಸಿನ ಹೆಸರು. ಮೂರನೇದರಲ್ಲಿ ಪುಟದ ತುಂಬ ಅಡಿಟಿಪ್ಪಣಿ. ಕೊನೇಲಿ ಎಲ್ಲಾ ಸೇರಿ ಒಂದು ಸಂತೆ. ಒಂದು ಪ್ರಬಂಧ ಅಂದ್ರೆ ಒಂದು ಆಕರಪಟ್ಟಿ, ಒಂದು ಶೈಲಿ."

ನಾನು ಏನೋ ಹೇಳಿದೆ. "ಏನಂದ್ರಿ? ಸ್ವಲ್ಪ ಜೋರಾಗಿ" ಎಂದರು. ಮತ್ತೆ ಹೇಳಿದೆ. ಆಗಲೂ ಕೇಳಿಸಲಿಲ್ಲ. ಜುಲೈ ಮುಗಿಯುವುದರೊಳಗೆ ಸರಿಪಡಿಸಿ ಕೊಡದಿದ್ದರೆ ನೋಂದಣಿ ರದ್ದು. ಈಗಾಗಲೇ ಎರಡು ಸಲ ಗಡುವು ಮುಂದಕ್ಕೆ ಹಾಕಿಯಾಗಿದೆ, ಮೂರನೆಯ ಸಲ ದೇವರೇ ಬಂದು ಕೇಳಿದರೂ ಇಲ್ಲವಂತೆ. ಶಾಲೆಯ ಕೆಲಸಕ್ಕೆ ರಜೆ ಹಾಕಿ, ಅಣ್ಣನ ಮನೆಯಲ್ಲಿ ಕೂತು ಬರೆದದ್ದೆಲ್ಲ ರದ್ದಿಗೆ ಹೋಗುತ್ತದೆ.

ಜೋರಾಗಿ ಮಾತಾಡುವುದು ನನಗೆ ಬರುವುದಿಲ್ಲವೆಂದೇನಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಗಂಟಲು ದೊಡ್ಡದು. ಅಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಕೂಗಿ ಕೂಗಿಯೇ ಬೆಳೆದವರು ನಾವು. ಕಾಲೇಜು ಸೇರಿದ ಮೊದಲ ವಾರ ಹುಡುಗಿಯರು ಕಿವಿ ಮುಚ್ಚಿಕೊಂಡು ನಕ್ಕರು. ಅಂದಿನಿಂದ ಮನೆಯಿಂದ ಹೊರಗೆ ನನ್ನದು ಪಿಸುದನಿ.

ಬಂದವಳೇ ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿದೆ. ಊಟದ ಹೊತ್ತಿಗೆ ಎತ್ತಿದೆ. ಮತ್ತೆ ಹರಡಿದೆ, ಚಹಾದ ಹೊತ್ತಿಗೆ ಎತ್ತಿದೆ. ಅತ್ತಿಗೆ ಒಂದು ಮಾತೂ ಅನ್ನುವುದಿಲ್ಲ, ತಟ್ಟೆ ಹಿಡಿದು ನಿಂತಿರುತ್ತಾಳೆ ಅಷ್ಟೆ. ನಾನು "ಅಯ್ಯೋ, ತಪ್ಪಾಯ್ತು ಅತ್ತಿಗೆ" ಎಂದು ಬಾಚಿಕೊಳ್ಳುತ್ತೇನೆ. ಇವತ್ತು ಹಾಗೆ ಬಾಚುವಾಗ ಮೂರನೆಯ ಭಾಗದ ಪುಟಗಳು ಹೋಗಿ ಮೊದಲನೆಯ ಭಾಗದಲ್ಲಿ ಸೇರಿಕೊಂಡವು. ಬಿಡಿಸುವಷ್ಟರಲ್ಲಿ ಸಾಕೋ ಸಾಕಾಯಿತು.

ಜೂನ್ ೬, ಗುರುವಾರ

ನನ್ನ ವಿಷಯ ಗದ್ದಲ. ಅದಕ್ಕೆ ಮಾರ್ಗದರ್ಶಕರು ಮೂವರು. ಕಾರ್ಖಾನೆಯ ಗದ್ದಲ ಮನುಷ್ಯನ ಕಿವಿಗೆ ಏನು ಮಾಡುತ್ತದೆ ಎಂದು ಹೇಳಲು ಕಿವಿ ಡಾಕ್ಟರು, ಅದರ ಬಗ್ಗೆ ಕೋರ್ಟುಗಳು ಏನೆಂದಿವೆ ಎಂದು ಹೇಳಲು ಕಾನೂನು ಮೇಷ್ಟ್ರು, ನಮ್ಮ ಊರಿನ ಕಾರ್ಖಾನೆಗಳಲ್ಲಿ ನಿಜವಾಗಿ ನಡೆದದ್ದೇನು ಎಂದು ಹುಡುಕಿಸಲು ಇತಿಹಾಸದ ಮೇಡಂ. ಮದುವೆಯಾಗದೆ ಉಳಿದವಳಿಗೆ ಮೂವರು ಅತ್ತೆಯರು ಎಂದು ಅತ್ತಿಗೆ ತಮಾಷೆ ಮಾಡುತ್ತಾಳೆ.

ಇವತ್ತು ಮೂವರ ಬಳಿಗೂ ಹೋಗಿ ಬಂದೆ.

"ಇಡೀ ಪ್ರಬಂಧಕ್ಕೆ ನಂಬರ್ ಹಾಕಮ್ಮ. ಓದೋನು ವಾಕ್ಯದ ಮಧ್ಯ ಎಡವಿ ಬೀಳಬಾರದು" ಎಂದರು ಡಾಕ್ಟರು. ಆಯ್ತು ಸರ್ ಎಂದೆ.

"ನಂಬರ್ ಹಾಕೋಕೆ ಇದೇನು ಬಸ್ಸಾ? ಯಾವ ಕೋರ್ಟು, ಯಾವ ವರ್ಷ, ಯಾರ ಮೇಲೆ ಯಾರು ಹಾಕಿದ ಕೇಸು, ನೋಡಿದ ತಕ್ಷಣ ಕಣ್ಣಿಗೆ ಹೊಡೀಬೇಕು. ಎಲ್ಲಾ ಭಾಗಕ್ಕೂ ನಮ್ಮ ಪದ್ಧತೀನೇ ಹಾಕು" ಎಂದರು ಮೇಷ್ಟ್ರು. ಆಯ್ತು ಸರ್ ಎಂದೆ.

"ಕಾಗದ ಯಾವ ಪೆಟ್ಟಿಗೇಲಿ, ಯಾವ ಕಡತದಲ್ಲಿ ಸಿಕ್ತು ಅಂತ ಅಡಿಟಿಪ್ಪಣೀಲಿ ಪೂರ್ತಿ ಹೇಳದಿದ್ರೆ ಅದು ಇತಿಹಾಸ ಅಲ್ಲ ಕಣೇ, ಹರಟೆ" ಎಂದರು ಮೇಡಂ. ಆಯ್ತು ಮೇಡಂ ಎಂದೆ.

ಮೂರು ಆಯ್ತುಗಳನ್ನು ಚೀಲಕ್ಕೆ ಹಾಕಿಕೊಂಡು ಬಿಸಿಲಲ್ಲಿ ನಡೆದುಕೊಂಡೇ ಬಂದೆ. ತಲೆ ಸಿಡಿಯುತ್ತಿದೆ. ನನ್ನಂಥವಳು ಇಂಥ ದೊಡ್ಡ ಕೆಲಸಕ್ಕೆ ಕೈಹಾಕಲೇಬಾರದಿತ್ತು.

ಜೂನ್ ೯, ಭಾನುವಾರ

ಆಕರಗಳನ್ನು ಜೋಡಿಸಿಕೊಡುವ ತಂತ್ರಾಂಶ ಒಂದಿದೆ. ಶೈಲಿ ಯಾವುದೆಂದು ಹೇಳಿದರೆ ಇಡೀ ಕಡತವನ್ನು ಕಣ್ಣು ಮಿಟುಕಿಸುವುದರೊಳಗೆ ಬದಲಾಯಿಸುತ್ತದೆ. ಒಂದು ಕಡತಕ್ಕೆ ಒಂದೇ ಶೈಲಿ ಎಂಬುದು ಅದರ ಹಟ. ಸೂಪರಿಂಟೆಂಡೆಂಟರ ಹತ್ತಿರದ ಸಂಬಂಧಿಯೇ ಇರಬೇಕು.

ಮೊದಲು ಡಾಕ್ಟರ ನಂಬರು ಹಾಕಿ ನೋಡಿದೆ. ಕಾನೂನಿನ ಭಾಗದಲ್ಲಿ "೪೧ ಹೇಳಿದ್ದನ್ನು ೪೨ ಒಪ್ಪಲಿಲ್ಲ, ೪೩ ಎರಡನ್ನೂ ತಳ್ಳಿಹಾಕಿತು" ಎಂದು ಬಂತು. ಮೇಷ್ಟ್ರು ನೋಡಿದರೆ ಬಸ್ಸು ಹತ್ತಿ ಹೋಗಿಬಿಡುತ್ತಾರೆ. ಆಮೇಲೆ ಮೇಡಂನ ಅಡಿಟಿಪ್ಪಣಿ ಹಾಕಿದೆ. ಡಾಕ್ಟರ ಭಾಗದಲ್ಲಿ ಒಂದೊಂದು ವಾಕ್ಯಕ್ಕೂ ಹತ್ತಾರು ಅಧ್ಯಯನಗಳು, ಟಿಪ್ಪಣಿಗಳು ಪುಟದ ಕುತ್ತಿಗೆಯವರೆಗೆ ಏರಿದವು. ಬೇಸತ್ತು, ಹಾಳಾಗಿ ಹೋಗಲಿ ಎಂದು ಎಲ್ಲವನ್ನೂ ಒಂದೇ ಪಟ್ಟಿಗೆ ಸುರಿದೆ. "ಈ ಮೂರೂ ಒಂದೇ ಆಕರದಂತಿವೆ, ಎರಡನ್ನು ತೆಗೆಯಲೇ?" ಎಂದು ಕೇಳಿತು. ಹೂಂ ಎಂದು ಒತ್ತಿಬಿಟ್ಟೆ. ಯಾರು ಏನು ಕೇಳಿದರೂ ಹೂಂ ಅನ್ನುವುದು ನನಗೆ ಅಭ್ಯಾಸವಾಗಿಹೋಗಿದೆ.

ಒತ್ತಿದ ಮೇಲೆ ನೋಡಿದೆ, ಹೋದದ್ದು ಯಾವುದು ಎಂದು. ಬಾಟಲಿ ಕಾರ್ಖಾನೆಯ ವರದಿ.

ಅಪ್ಪ ಕಿವಿ ಕಳೆದುಕೊಂಡದ್ದು ಆ ಬಾಟಲಿ ಕಾರ್ಖಾನೆಯಲ್ಲೇ, ಯಂತ್ರದ ಪಕ್ಕ ನಿಂತು ನಿಂತು. ಅಲ್ಲಿದ್ದ ವೈದ್ಯರೊಬ್ಬರು ಗದ್ದಲವನ್ನು ಅಳೆದು, ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿ ಒಂದು ವರದಿ ಬರೆದಿದ್ದರು. ಅದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಒಂದು ಪ್ರತಿ ಕಾರ್ಖಾನೆಯ ಕಡತದಲ್ಲಿ ಉಳಿಯಿತು. ಅಪ್ಪ ಮತ್ತು ಜೊತೆಯವರು ಪರಿಹಾರ ಕೇಳಿ ಕೋರ್ಟಿಗೆ ಹೋದಾಗ ಅಲ್ಲೂ ಒಂದು ಪ್ರತಿ ಸಾಕ್ಷ್ಯವಾಗಿ ಸೇರಿತು. ಆದರೂ ತೀರ್ಪಿನಲ್ಲಿ ಅದನ್ನು ಯಾರೋ ಬರೆದ ಬಿಡಿ ಕಾಗದವೆಂದು ಬದಿಗಿಟ್ಟು, ಗದ್ದಲದಿಂದಲೇ ಕಿವಿ ಹೋಯಿತೆನ್ನಲು ಆಧಾರವಿಲ್ಲ ಎಂದು ಬರೆದರು. ಡಾಕ್ಟರುಗಳು ಓದಿದ್ದು ವಕೀಲರಿಗೆ ಗೊತ್ತಿಲ್ಲ, ಕಾರ್ಖಾನೆಗೆ ಗೊತ್ತಿದ್ದದ್ದನ್ನು ಅವರು ಬಾಯಿ ಬಿಡಲಿಲ್ಲ. ಮೂರು ಕಡೆ ಇದ್ದ ಒಂದೇ ಕಾಗದವನ್ನು ಯಾರೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ತೀರ್ಪು ಏನಾಯಿತೆಂದು ಅಪ್ಪನಿಗೆ ಕೇಳಿಸಲೂ ಇಲ್ಲ. ಕೋರ್ಟಿನ ಮೆಟ್ಟಿಲ ಮೇಲೆ, ಅಷ್ಟು ಜನರ ಎದುರು, ಅಣ್ಣ ಅವನ ಕಿವಿಯಲ್ಲಿ "ಸೋತ್ವಿ ಅಪ್ಪಾ" ಎಂದು ಕೂಗಿ ಹೇಳಬೇಕಾಯಿತು.

ಆ ಮೂರನ್ನು ಪಕ್ಕಪಕ್ಕ ಇಡುವುದಕ್ಕೆಂದೇ ನಾನು ಈ ಪ್ರಬಂಧ ಹಿಡಿದದ್ದು. ನಾನೇ ಗುಂಡಿ ಒತ್ತಿ ಎರಡನ್ನು ಅಳಿಸಿದೆ. ಸಂಕಟ ತಡೆಯಲಾಗದೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜೂನ್ ೧೦, ಸೋಮವಾರ

ಅಳಿಸಿದ್ದನ್ನು ವಾಪಸು ತಂದೆ. ಮೂರು ಭಾಗ, ಮೂರು ಪಟ್ಟಿ, ಮೂರು ಶೈಲಿ. ಹೀಗೇ ಇರಬೇಕು. ಹೇಗೆ ಎಂದು ಗೊತ್ತಿಲ್ಲ.

ಜೂನ್ ೧೪, ಶುಕ್ರವಾರ

ಮೂರು ಪಟ್ಟಿಯೂ ಹಾಗೇ ಇರಲಿ ಎಂಬ ನನ್ನ ಕೋರಿಕೆ ಕೇಳಿ ಸೂಪರಿಂಟೆಂಡೆಂಟರು, "ನಿಮ್ಮ ಮೂವರು ಗೈಡುಗಳೂ ಒಂದೇ ಕಾಗದಕ್ಕೆ ಸಹಿ ಹಾಕಿ ಕೊಡಲಿ, ಆಗ ನೋಡೋಣ" ಎಂದರು. ಮೊಲದ ಕೊಂಬು ತಂದುಕೊಡು ಎನ್ನುವ ಧಾಟಿಯಲ್ಲೇ ಅಂದರು.

ತರಕಾರಿ ಹೆಚ್ಚುತ್ತಾ ಅತ್ತಿಗೆಗೆ ಹೇಳಿದೆ. ಅವಳು ಚಾಕು ಕೆಳಗಿಟ್ಟಳು.

"ಅಲ್ವೇ, ಆ ಮೂರು ಜನ ಒಬ್ಬರ ಮುಖ ಒಬ್ಬರು ನೋಡಿದಾರಾ?"

"ಇಲ್ಲ. ನಾನೇ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ."

"ಅದಕ್ಕೇ ಮತ್ತೆ. ಮೂರು ಮನೇಲೂ ಆಯ್ತು ಆಯ್ತು ಅಂತ ಬಂದ್ರೆ ಅವರಾದ್ರೂ ಏನಂದ್ಕೋಬೇಕು? ಇಲ್ಲಿಗೇ ಕರಿ."

"ಇಲ್ಲಿಗಾ? ಎಲ್ಲಿ ಕೂರಿಸಲಿ?"

"ಟೇಬಲ್ ಇದೆಯಲ್ಲ" ಎಂದಳು.

ಜೂನ್ ೨೩, ಭಾನುವಾರ

ಬಂದರು! ಮೂವರೂ!

ಮೊದಲ ಅರ್ಧ ಗಂಟೆ ಹೊಸ ಬೀಗರ ಹಾಗೆ "ತಾವು ಮೊದಲು, ತಾವು ಮೊದಲು" ಎಂದು ಕುರ್ಚಿ ತೋರಿಸುವುದರಲ್ಲೇ ಕಳೆಯಿತು. ಚಹಾ ಮುಗಿಯುತ್ತಿದ್ದಂತೆ ಬೀಗತನ ಮುಗಿದು ಜಗಳ ಶುರುವಾಯಿತು. ನಂಬರು, ಕೋರ್ಟು, ಪೆಟ್ಟಿಗೆ. ಅಣ್ಣ ಅಡುಗೆಮನೆಯ ಬಾಗಿಲಿಂದ ಇಣುಕಿ ನೋಡಿ ಒಳಗೆ ಹೋದ.

ನಾನು ಮೊದಲೇ ಒಂದು ಹುನ್ನಾರ ಮಾಡಿಟ್ಟಿದ್ದೆ. ಡಾಕ್ಟರ ಮುಂದೆ ಕಾನೂನಿನ ಭಾಗ ಇಟ್ಟೆ, ಅವರು ಕೇಳಿದ ಹಾಗೇ ನಂಬರು ಹಾಕಿ. ಮೇಷ್ಟ್ರ ಮುಂದೆ ಕಿವಿಯ ಭಾಗ ಇಟ್ಟೆ, ಪ್ರತಿ ಅಧ್ಯಯನವನ್ನೂ ಕೇಸಿನ ಹಾಗೆ ಪೂರ್ತಿ ಹೆಸರಿನಲ್ಲಿ ಬರೆದು.

"ಸರ್, ಈ ಪುಟದಲ್ಲಿ ದೊಡ್ಡ ಕೋರ್ಟು ಹೇಳಿದ್ದು ಯಾವುದು, ಚಿಕ್ಕ ಕೋರ್ಟು ಹೇಳಿದ್ದು ಯಾವುದು, ಸ್ವಲ್ಪ ಹೇಳ್ತೀರಾ?"

ಡಾಕ್ಟರು ಒಂದು ಬೆರಳು ಪುಟದಲ್ಲಿ, ಒಂದು ಬೆರಳು ಪಟ್ಟಿಯಲ್ಲಿ ಇಟ್ಟುಕೊಂಡು ಹಿಂದೆ ಮುಂದೆ ತಿರುವಿದರು. ಮೂರನೆಯ ಬೆರಳು ಬೇಕಾಯಿತು. ಆಮೇಲೆ ಹಾಳೆಗಳನ್ನೇ ಕೆಳಗಿಟ್ಟರು. ಅತ್ತ ಮೇಷ್ಟ್ರು, "ಇದರಲ್ಲಿ ವಾಕ್ಯ ಎಲ್ಲಿ ಶುರುವಾಗತ್ತೆ ಮಾರಾಯ್ತಿ? ಬರೀ ಹೆಸರೇ ಇದೆಯಲ್ಲ" ಎಂದರು. ಮೇಡಂ ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಅವರ ಮುಂದೆ ಕಾರ್ಖಾನೆಯ ಭಾಗವನ್ನು ಅಡಿಟಿಪ್ಪಣಿಯೇ ಇಲ್ಲದೆ ಬರೀ ನಂಬರಿನಲ್ಲಿ ಇಟ್ಟೆ. ನಗು ನಿಂತಿತು.

ಆಮೇಲೆ ಬಾಟಲಿ ಕಾರ್ಖಾನೆಯ ವರದಿಯನ್ನು ತೋರಿಸಿದೆ. ಡಾಕ್ಟರ ಪಟ್ಟಿಯಲ್ಲಿ ಅದು ಪತ್ರಿಕೆಯ ಲೇಖನ. ಮೇಷ್ಟ್ರ ಪಟ್ಟಿಯಲ್ಲಿ ಒಂದು ಕೇಸಿನ ಒಂಬತ್ತನೆಯ ಸಾಕ್ಷ್ಯ. ಮೇಡಂ ಪಟ್ಟಿಯಲ್ಲಿ ಒಂದು ಪೆಟ್ಟಿಗೆಯ ಒಂದು ಕಡತ.

"ಇದನ್ನ ನಾನು ವಿದ್ಯಾರ್ಥಿ ಆಗಿದ್ದಾಗಲೇ ಓದಿದೀನಿ" ಎಂದರು ಡಾಕ್ಟರು. "ಕೋರ್ಟಿಗೆ ಹೋಗಿತ್ತು ಅಂತ ಗೊತ್ತೇ ಇರಲಿಲ್ಲ."

"ಆ ತೀರ್ಪನ್ನ ನಾನು ವರ್ಷಾ ವರ್ಷಾ ಪಾಠ ಮಾಡ್ತೀನಿ" ಎಂದರು ಮೇಷ್ಟ್ರು. ಅವರ ದನಿ ಇಳಿದಿತ್ತು. "ಆಧಾರ ಇರಲಿಲ್ಲ ಅಂತಲೇ ಹೇಳ್ಕೊಡ್ತಿದ್ದೆ."

"ಆಧಾರ ಇತ್ತು ಸರ್. ಮೂರು ಕಡೆ ಇತ್ತು. ಒಂದೇ ಪಟ್ಟಿ ಮಾಡಿದ್ರೆ ಒಂದೇ ಕಡೆ ಉಳಿಯತ್ತೆ, ಮತ್ತೆ ಯಾರಿಗೂ ಕಾಣಲ್ಲ. ಮೂರು ಪಟ್ಟೀನೂ ಬೇಕು, ಅವರವರು ಓದೋ ರೀತೀಲೇ ಬೇಕು. ಆ ಕೇಸಲ್ಲಿ ಸೋತವರಲ್ಲಿ ನಮ್ಮಪ್ಪ ಒಬ್ಬರು."

ಡಾಕ್ಟರೇ ಮೊದಲು ಪೆನ್ನು ತೆಗೆದು ಕಾಗದಕ್ಕೆ ಸಹಿ ಹಾಕಿದರು. ಮೇಷ್ಟ್ರು ಹಾಕಿದರು. ಮೇಡಂ ಒಂದು ಅಲ್ಪವಿರಾಮ ತಿದ್ದಿಸಿ ಹಾಕಿದರು.

ಊಟದ ಹೊತ್ತು ಮೀರಿದ್ದರಿಂದ ಅಣ್ಣ ಅತ್ತಿಗೆ ಇಬ್ಬರೂ ಹಾಲ್‌ನಲ್ಲೇ ತಟ್ಟೆ ಹಿಡಿದು ಮುಗಿಸಿದ್ದರು. ಪಾಪ ಅನ್ನಿಸಿತು. ನಾಳೆಯಿಂದ ಹೀಗಾಗಬಾರದು.

ಜೂನ್ ೨೬, ಬುಧವಾರ

ದಾರಿ ಸಿಕ್ಕಿತು. ಒಂದು ಕಡತಕ್ಕೆ ಒಂದೇ ಶೈಲಿ ಎಂದು ಹಟ ಹಿಡಿದಿದೆಯಲ್ಲ, ಹಿಡಿದುಕೊಳ್ಳಲಿ. ನಾನು ಮೂರು ಕಡತ ಮಾಡುತ್ತೇನೆ! ಒಂದೊಂದಕ್ಕೂ ಅದರದೇ ಶೈಲಿ, ಅದರದೇ ಪಟ್ಟಿ. ಎಲ್ಲ ಮುಗಿದ ಮೇಲೆ ಮೂರನ್ನೂ ಸೇರಿಸಿ ಹೊಲಿದರಾಯಿತು. ಇಷ್ಟು ಸುಲಭದ್ದು ಹೊಳೆಯಲು ಇಷ್ಟು ದಿನ ಬೇಕಾಯಿತೇ ಎಂದು ಒಬ್ಬಳೇ ನಕ್ಕೆ. ಅತ್ತಿಗೆ ನನ್ನ ತಟ್ಟೆಯನ್ನು ಮೇಜಿನ ಮೂಲೆಯಲ್ಲಿ, ಹಾಳೆಗಳ ನಡುವೆ ಜಾಗ ಮಾಡಿ ಇಟ್ಟುಹೋದಳು.

ಜುಲೈ ೩, ಬುಧವಾರ

ಮೇಷ್ಟ್ರ ಫೋನು.

"ಏನಮ್ಮಾ, ನ್ಯಾಯಮೂರ್ತಿಗಳು 'ಕಿವಿ ನೋಯೋನು ಹತ್ತಿ ತುರುಕಿಕೊಳ್ಳಲಿ' ಅಂದಿದಾರಾ? 'ಕೆಲಸಗಾರನ ಕಿವಿ ಕಾರ್ಖಾನೆಯ ಆಸ್ತಿಯಲ್ಲ' ಅಂತ ಮ್ಯಾನೇಜರ್ ಅಂದಿದಾನಾ? ಯಾವ ಲೋಕದಲ್ಲಿ?"

ನೋಡಿದರೆ, 'ಅದೇ' ಮಾಡಿದ ಅನಾಹುತ. ಹಿಂದಿನ ಟಿಪ್ಪಣಿಯ ಆಕರವೇ ಇಲ್ಲಿಗೂ ಎಂದಾದರೆ ಹೆಸರು ಪೂರ್ತಿ ಬರೆಯದೆ 'ಅದೇ' ಎಂದಷ್ಟೇ ಹಾಕುವುದು ರೂಢಿ. ನಾನು ಹೋದ ವಾರ ಎರಡು ಪ್ಯಾರಾಗಳನ್ನು ಅದಲುಬದಲು ಮಾಡಿದ್ದೆ. ಪ್ಯಾರಾಗಳ ಜೊತೆ 'ಅದೇ'ಗಳೂ ಹೋಗಿ, ಹೊಸ ನೆರೆಮನೆಯವರನ್ನು ತಮ್ಮವರೆಂದು ತಿಳಿದುಕೊಂಡಿವೆ. ಮ್ಯಾನೇಜರನ ಮಾತು ನ್ಯಾಯಮೂರ್ತಿಯದಾಯಿತು, ನ್ಯಾಯಮೂರ್ತಿಯದು ಮ್ಯಾನೇಜರನದು.

ಮೊದಲಾಗಿದ್ದರೆ ಮತ್ತೆ ಬಚ್ಚಲು, ಮತ್ತೆ ನಲ್ಲಿ. ಇವತ್ತು ಅದಕ್ಕೂ ಪುರುಸೊತ್ತಿರಲಿಲ್ಲ.

ಜುಲೈ ೮, ಸೋಮವಾರ

ಕಾನೂನು, ಇತಿಹಾಸ, ಎರಡೂ ಭಾಗದ 'ಅದೇ'ಗಳನ್ನೆಲ್ಲ ಹುಡುಕಿ ಹುಡುಕಿ ಕಿತ್ತು, ಆ ಜಾಗದಲ್ಲಿ ಆಕರದ ಚಿಕ್ಕ ಹೆಸರು ಹಾಕಿದೆ. ಮೇಷ್ಟ್ರು ಒಪ್ಪಲಿಲ್ಲ. "ನಮ್ಮಲ್ಲಿ ಹಾಗೆ ಮಾಡಲ್ಲಮ್ಮ."

"ಇನ್ಮೇಲೆ ಮಾಡೋಣ ಸರ್. ಪ್ಯಾರಾ ಎಲ್ಲಿಗೆ ಹೋದ್ರೂ ನ್ಯಾಯಮೂರ್ತಿಗಳ ಮಾತು ನ್ಯಾಯಮೂರ್ತಿಗಳ ಹತ್ರಾನೇ ಇರಬೇಕು."

"ಮೆಲ್ಲಗೆ ಕಣಮ್ಮ, ನನಗೆ ಕಿವಿ ಕೇಳತ್ತೆ" ಎಂದರು. ಫೋನಿನ ಲೈನು ಸರಿಯಿರಲಿಲ್ಲವೇನೋ. ಕೊನೆಗೆ ಒಪ್ಪಿದರು.

ಅಣ್ಣನಿಗೆ ಈಚೆಗೆ ಟಿವಿ ಚಟ ಹತ್ತಿದೆ. ಮೂರು ಹೊತ್ತೂ ಸೋಫಾದಲ್ಲೇ ಊಟ. ಅತ್ತಿಗೆಯೂ ಅವನ ಜೊತೆ ಕೆಟ್ಟಳು.

ಜುಲೈ ೧೭, ಬುಧವಾರ

ಮೂರು ಕಡತಗಳನ್ನು ಒಂದು ಮಾಡಬೇಕಾದರೆ ಮೊದಲು ತಂತ್ರಾಂಶದ ಕೊಂಡಿ ಕಳಚಬೇಕು, ಇಲ್ಲದಿದ್ದರೆ ಸೇರಿಸಿದ ಕೂಡಲೇ ಅದು ಎಲ್ಲಕ್ಕೂ ಒಂದೇ ಬಣ್ಣ ಬಳಿಯುತ್ತದೆ. ಕಳಚಿದ ಮೇಲೆ ನಂಬರುಗಳು ಬರೀ ಅಚ್ಚಿನ ಅಕ್ಷರಗಳು. ನಡುವೆ ಒಂದನ್ನು ತೂರಿಸಿದರೆ ಉಳಿದವು ತಾವಾಗಿ ಸರಿದು ಜಾಗ ಕೊಡುವುದಿಲ್ಲ. ಹಳೆಯ ಪ್ರತಿ ಬೇರೆ ಇಟ್ಟಿದ್ದೇನೆ ನಿಜ, ಆದರೆ ಅದಕ್ಕೆ ಮರಳಿದರೆ ಪುಟ ಜೋಡಿಸುವುದು, ಪರಿವಿಡಿ ಮಾಡುವುದು ಎಲ್ಲ ಮೊದಲಿನಿಂದ. ಜುಲೈ ಮುಗಿದುಹೋಗುತ್ತದೆ.

ಚಹಾ ಕುಡಿದು, ಕಳಚಿದೆ. ಸೇರಿಸಿದೆ. ಮೂರು ಪಟ್ಟಿಗಳೂ ಒಂದೇ ಪ್ರಬಂಧದಲ್ಲಿ, ತಂತಮ್ಮ ಉಡುಪಿನಲ್ಲಿ, ಮದುವೆಮನೆಯ ಗುಂಪುಫೋಟೋಕ್ಕೆ ನಿಂತಂತೆ ನಿಂತವು. ಖುಷಿಗೆ ಮೇಜು ಗುದ್ದಿದೆ. ಉಪ್ಪಿನ ಡಬ್ಬಿ ಬಿದ್ದೀತೆಂದು ಕೈ ಚಾಚಿದರೆ ಅದು ಅಲ್ಲಿರಲೇ ಇಲ್ಲ. ಅತ್ತಿಗೆ ಯಾವಾಗ ಎತ್ತಿಟ್ಟಳೋ.

ಜುಲೈ ೧೯, ಶುಕ್ರವಾರ

ಡಾಕ್ಟರು ಖುದ್ದಾಗಿ ಬಂದರು. ಕೈಯಲ್ಲಿ ಅವರದೇ ಲೇಖನ, ಈಗಷ್ಟೇ ಅಚ್ಚಾದದ್ದು.

"ಇದನ್ನ ಮೊದಲನೇ ಪುಟದಲ್ಲೇ ಉಲ್ಲೇಖ ಮಾಡಿಬಿಡಮ್ಮ. ಐದೋ ಆರೋ ನಂಬರ್ ಬರಲಿ."

ಅವರ ಪದ್ಧತಿಯಲ್ಲಿ ಬಂದ ಕ್ರಮದಲ್ಲೇ ನಂಬರು. ಆರು ಎಂದು ಒಂದನ್ನು ತೂರಿಸಿದರೆ ಹಳೆಯ ಆರು ಏಳಾಗಬೇಕು, ಏಳು ಎಂಟಾಗಬೇಕು, ಹೀಗೇ ಕೊನೆಯವರೆಗೆ, ಪಟ್ಟಿಯಲ್ಲಿ, ಪುಟಗಳಲ್ಲಿ, ಕೋಷ್ಟಕಗಳಲ್ಲಿ.

"ಮೊದಲನೇ ಪುಟದಲ್ಲಿ ಆಗಲ್ಲ ಸರ್" ಎಂದೆ.

ಅವರು ಹುಬ್ಬೇರಿಸಿದರು. ನಾನು ಅವರ ಭಾಗದ ಕೊನೆಯ ಪುಟ ತೆಗೆದು, ಕೊನೆಯ ವಾಕ್ಯ ತೋರಿಸಿದೆ. ಮುಂದೆ ಏನು ಸಂಶೋಧನೆಯಾಗಬೇಕು ಎಂಬ ವಾಕ್ಯ ಅದು.

"ಇಲ್ಲಿ ಹಾಕ್ತೀನಿ. ಕೊನೇ ನಂಬರು ನಿಮ್ಮದೇ. ಇಲ್ಲೀವರೆಗೆ ಎಲ್ಲರೂ ಹೇಳಿದ್ದಾದ ಮೇಲೆ ಕೊನೇ ಮಾತು ನಿಮ್ಮದು."

ಡಾಕ್ಟರ ಮುಖ ಅರಳಿದ್ದನ್ನು ನೋಡಬೇಕಿತ್ತು. ಎರಡು ಸಲ ಚಹಾ ಕುಡಿದು ಹೋದರು. ಒಂದೇ ಒಂದು ನಂಬರೂ ಅಲುಗಾಡಲಿಲ್ಲ. ನಾನು ಹಾಡು ಗುನುಗುತ್ತಿದ್ದೆ ಎಂದು ಅತ್ತಿಗೆ ಹೇಳುತ್ತಾಳೆ, ಸುಳ್ಳಿರಬೇಕು.

ಜುಲೈ ೨೬, ಶುಕ್ರವಾರ

ಕೊಟ್ಟೆ!

ಸೂಪರಿಂಟೆಂಡೆಂಟರು ಎಂದಿನಂತೆ ಹಿಂದಿನಿಂದ ತೆರೆದರು. ಮೂವರ ಸಹಿಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಒಂದನೆಯ ಪಟ್ಟಿ, ಎರಡನೆಯ ಪಟ್ಟಿ, ಮೂರನೆಯ ಪಟ್ಟಿ, ಬೆರಳಿಟ್ಟುಕೊಂಡು ನಿಧಾನವಾಗಿ ಇಳಿದರು. ಬೆರಳು ನಿಂತಿತು.

"ಆಹಾ, ಸಿಕ್ತು ನೋಡಿ. ಈ ಬಾಟಲಿ ಕಾರ್ಖಾನೆ ವರದಿ ಮೂರು ಸಲ ಬಂದಿದೆ. ಎರಡು ತೆಗೆದು, ತಿದ್ದಿ ತನ್ನಿ."

"ತೆಗೆಯಲ್ಲ ಸರ್" ಎಂದೆ.

"ಏನು?"

"ತೆಗೆಯಲ್ಲ. ಅದು ಡಾಕ್ಟರುಗಳ ಹತ್ರ ಇತ್ತು, ಕೋರ್ಟಿನ ಹತ್ರ ಇತ್ತು, ಕಾರ್ಖಾನೆ ಹತ್ರಾನೂ ಇತ್ತು. ಮೂರು ಜನರ ಹತ್ರ ಇದ್ದೂ, ಆಧಾರ ಇಲ್ಲ ಅಂತ ಅಷ್ಟು ಜನ ಕೆಲಸಗಾರರನ್ನ ಬರಿಗೈಲಿ ಕಳಿಸಿದ್ರು. ಈ ಪ್ರಬಂಧದಲ್ಲಿ ಇರೋದೇ ಆ ಮಾತು. ಎರಡು ತೆಗೆದ್ರೆ ಪ್ರಬಂಧಾನೇ ತೆಗೆದ ಹಾಗೆ."

ಟೈಪು ಮಾಡುತ್ತಿದ್ದವರು ನಿಲ್ಲಿಸಿದ್ದರು. ಆಚೆ ಮೂಲೆಯ ಕೌಂಟರಿನವರು ಎದ್ದು ನಿಂತು ನೋಡುತ್ತಿದ್ದರು. ಏನಾಯಿತೆಂದು ನಾನೂ ತಿರುಗಿ ನೋಡಿದೆ. ಏನೂ ಆಗಿರಲಿಲ್ಲ.

ಸೂಪರಿಂಟೆಂಡೆಂಟರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ನನ್ನನ್ನೇ ನೋಡಿದರು. ಸ್ವೀಕೃತಿಗೆ ಮೊಹರು ಹೊಡೆದರು. ಆಮೇಲೆ ಪ್ರಬಂಧವನ್ನು ಮಗುಚಿ, ಮೊದಲನೆಯ ಪುಟ ತೆರೆದು ಓದಲು ಕೂತರು. ನಾನು ಹೊರಡುತ್ತೇನೆ ಎಂದದ್ದಕ್ಕೆ ತಲೆ ಕೂಡ ಎತ್ತಲಿಲ್ಲ.

ಮನೆಗೆ ಬಂದಾಗ ಊಟದ ಹೊತ್ತು. ಅಣ್ಣ ಸೋಫಾದ ಒಂದು ತುದಿಯಲ್ಲಿ, ಅತ್ತಿಗೆ ಇನ್ನೊಂದು ತುದಿಯಲ್ಲಿ, ತೊಡೆಯ ಮೇಲೆ ತಟ್ಟೆ, ನೀರಿನ ಲೋಟ ನೆಲದ ಮೇಲೆ. ಟಿವಿ ಆರಿತ್ತು.

"ಇದ್ಯಾಕೆ ಹೀಗೆ ಒದ್ದಾಡ್ತೀರಿ? ಮನೇಲಿ ಟೇಬಲ್ ಇಲ್ವಾ?" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅತ್ತಿಗೆ ನಗಲು ಶುರುಮಾಡಿದವಳು ತಟ್ಟೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. ಅಣ್ಣನಿಗೆ ನೆತ್ತಿಗೆ ಹತ್ತಿತು. ಇಂಥ ನಗು ಏನಿತ್ತು ಅದರಲ್ಲಿ? ಇವರ ನಗು ನಿಲ್ಲುವಷ್ಟರಲ್ಲಿ ನಾನು ಹಾಳೆಗಳನ್ನು ಒಂದು ಬದಿಗೆ ಸರಿಸಿ, ಮೂವರಿಗೂ ತಟ್ಟೆ ಇಡುವಷ್ಟು ಜಾಗ ಮಾಡಿದೆ. ಎಲ್ಲವನ್ನೂ ಎತ್ತಲಿಲ್ಲ. ಬಾಟಲಿ ಕಾರ್ಖಾನೆಯ ಕೇಸನ್ನು ಈಗಲೂ ಮತ್ತೆ ತೆರೆಸಲು ಸಾಧ್ಯವೇ ಎಂದು ಮೇಷ್ಟ್ರು ಹಳೆಯ ತೀರ್ಪುಗಳನ್ನು ಕಳಿಸಿದ್ದಾರೆ, ಅವು ಬೇಕಾಗುತ್ತವೆ.

"ಆಫೀಸಲ್ಲಿ ಏನಂದೆ, ಹೇಳು" ಎಂದ ಅಣ್ಣ. ಕೋರ್ಟಿನ ಮೆಟ್ಟಿಲ ಮೇಲೆ ಅಪ್ಪನ ಕಿವಿಯಲ್ಲಿ ಸೋತ ಸುದ್ದಿ ಕೂಗಿದವನು ಅವನು. ಅವನಿಗೆ ಸರಿಯಾಗಿ ಹೇಳಬೇಕೆನ್ನಿಸಿತು. ಎದ್ದು ನಿಂತು, ಅಲ್ಲಿ ಹೇಳಿದ್ದನ್ನು ಅಕ್ಷರ ಬಿಡದೆ ಹೇಳಿದೆ.

"ಮೆಲ್ಲಗೆ ಮಾರಾಯ್ತಿ" ಎಂದಳು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತಾ. "ಬೀದಿಗೆಲ್ಲ ಕೇಳಿಸತ್ತೆ."

"ಕೇಳಿಸ್ಲಿ" ಎಂದೆ.